ಕುರುಗೋಳು

ನಮ್ಮ ಮನೆಯಲ್ಲಿ ಪ್ಲೂಟೊಗೆ ಒಂದು ಮಂಚವಿತ್ತು. ಮದರಾಸಿನ ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಹಿಂಬದಿಯ ಬೀದಿಯಲ್ಲಿ ಹಳೆಯ ಮನೆಯೊಂದರ ಕೆಳಭಾಗ ನಮ್ಮದು. ಮುಂದೆ ಹಾಲ್, ಹಿಂದೆ ಅಡುಗೆಮನೆ, ನಡುವೆ ರೈಲಿನ ಬೋಗಿಯಂಥ ಉದ್ದನೆಯ ಪಡಸಾಲೆ. ಆ ಪಡಸಾಲೆ ಹಿತ್ತಲ ಬಾಗಿಲ ಕಡೆಗೆ ತಿರುಗುವ ಮೂಲೆಗೆ ಒಲೆಯ ಬಿಸಿಯೂ ಬರುತ್ತಿರಲಿಲ್ಲ, ಹಾಲ್‌ನ ಫ್ಯಾನಿನ ಗಾಳಿಯೂ ಬರುತ್ತಿರಲಿಲ್ಲ. ಮಂಚ ಅಲ್ಲಿ. ಅದರ ಕಾಲ ಬದಿಗೆ ಅಕ್ಕಿ ಮೂಟೆ, ಅಡಿಯಲ್ಲಿ ಅಜ್ಜಿಯ ಉಪ್ಪಿನಕಾಯಿ ಭರಣಿಗಳು, ತಲೆಯ ಬದಿಗೆ ನನ್ನ ಕ್ರಿಕೆಟ್ ಬ್ಯಾಟು, ಗೋಡೆಯ ಬದಿಗೆ ಅಕ್ಕಂದಿರ ಕೆಟ್ಟುಹೋದ ಕೀಬೋರ್ಡು. ಇಷ್ಟೆಲ್ಲ ಬಿಟ್ಟು ಉಳಿದ ಜಾಗದಲ್ಲಿ ಬಾಬು ಮಾವ ಮಲಗುತ್ತಿದ್ದರು. ಅವರ ತಲೆಯ ಮೇಲೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಚಿತ್ರ. ಆ ವರ್ಷ ಒಂದು ನೌಕೆ ಪ್ಲೂಟೊದ ಪಕ್ಕದಲ್ಲಿ ಹಾದುಹೋಗುವಾಗ ತೆಗೆದದ್ದು. ಕಂದು ಬಣ್ಣದ ಗುಂಡನೆಯ ಮುಖ, ಅದರ ಮೇಲೆ ಹೃದಯದ ಆಕಾರದ ಬಿಳಿ ಬಯಲು. ನಮ್ಮ ಮನೆಗೆ ಬಂದವರು ಇದು ಯಾವ ಸ್ವಾಮೀಜಿ ಎಂದು ಕೇಳಿದ್ದೂ ಉಂಟು.

ಬಾಬು ಮಾವ ನಮಗೆ ಏನಾಗಬೇಕು ಎಂಬುದನ್ನು ಅಜ್ಜಿ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಅಜ್ಜಿಯ ತಂಗಿಯ ಗಂಡನ ತಮ್ಮನ ಮಗ. ಇದನ್ನು ಕೇಳಿದವರು ಎರಡನೆಯ ಸಲ ಕೇಳುತ್ತಿರಲಿಲ್ಲ. ಉಡುಪಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಮಣಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಸೇರಿ, ಎಣ್ಣೆಯ ಸ್ಯಾಂಪಲ್ ಕಾಯಿಸಿ, ತಣಿಸಿ, ಬರೆದಿಡುವ ಕೆಲಸ ಮಾಡುತ್ತಿದ್ದರು. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದ್ದು. ಉಳಿದ ಎಂಟು ಜನ, ಅಂದರೆ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು, ಅಪ್ಪ, ಅಮ್ಮ ಮತ್ತು ನಾನು, ಗಡಿಯಾರದ ಹಾಗೆ ತಿರುಗುತ್ತಿದ್ದೆವು. ಮಾವನದು ಮಾತ್ರ ಓರೆ ದಾರಿ. ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂದು ಬಾಗಿಲ ಚಿಲಕಕ್ಕೆ ಮಾತ್ರ ಗೊತ್ತಿತ್ತು.

ನನ್ನ ಬಗ್ಗೆಯೂ ಹೇಳಬೇಕಲ್ಲ. ಹತ್ತು ವರ್ಷದ ನಾನು ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ, ಜಾಣತನಕ್ಕಲ್ಲ, ಕುಳ್ಳತನಕ್ಕೆ. ದೇಹ ಬೆಳೆಯಲು ಮರೆತಿದ್ದನ್ನು ಕಿವಿಗಳು ತಾವೇ ವಹಿಸಿಕೊಂಡು ಬೆಳೆದಿದ್ದವು. ಆ ಕಿವಿಗೆ ಬಿದ್ದ ಯಾವ ಸ್ವರವೂ ನನ್ನ ಬಾಯಿಂದ ಹೊರಗೆ ಬರದೆ ಇರುತ್ತಿರಲಿಲ್ಲ. ನುಂಗಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದ ದೊಡ್ಡಪ್ಪ ಮನೆಯಲ್ಲೂ ಮೂಗಿನಿಂದಲೇ ಮಾತಾಡುತ್ತಿದ್ದರು. ಯಾರಾದರೂ ತಿಂಡಿ ಏನು ಎಂದರೆ ಇಡ್ಲಿವಡೆಪೊಂಗಲ್‌ಪೂರಿ ಎಂದು ಒಂದೇ ಪದ. ಅಪ್ಪ ಪ್ರತಿ ವಾಕ್ಯವನ್ನೂ 'ಬೇಸಿಕಲಿ' ಎಂದು ಶುರುಮಾಡಿ ಬೇಸಿಕ್ಕಿಗೆ ಬರುವ ಮೊದಲೇ ಮುಗಿಸುತ್ತಿದ್ದ. ಅಮ್ಮ 'ಆಯ್ತು' ಎಂಬ ಒಂದು ಮಾತಿನಲ್ಲಿ ಒಪ್ಪಿಗೆ, ಸಿಟ್ಟು, ಅಡುಗೆ ಮುಗಿದ ಸುದ್ದಿ, ಎಲ್ಲವನ್ನೂ ಹೇಳುತ್ತಿದ್ದಳು. ಇವನ್ನೆಲ್ಲ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ವಿಚಿತ್ರವೆಂದರೆ ನನ್ನ ಬಾಯಲ್ಲಿ ಕನ್ನಡ ಬರುತ್ತಿದ್ದದ್ದು ಹೀಗೆ ಬೇರೆಯವರ ಸ್ವರ ಮಾಡುವಾಗ ಮಾತ್ರ. ನಾನು ನಾನಾಗಿ ಮಾತಾಡುವಾಗ ಬರುತ್ತಿದ್ದದ್ದು ತಮಿಳು, ಇಲ್ಲವೇ ಶಾಲೆಯ ಇಂಗ್ಲಿಷು. ಅಜ್ಜಿ 'ಊಟ ಆಯ್ತಾ ಮಾಣಿ' ಎಂದರೆ 'ಆಚ್ಚು ಪಾಟಿ' ಎನ್ನುತ್ತಿದ್ದೆ, ಆಯ್ತು ಅಜ್ಜಿ ಎಂದು. ಅಜ್ಜಿ ಇದನ್ನು ಒಂದು ಕಾಯಿಲೆ ಎಂದೇ ತಿಳಿದು ದೇವರಿಗೆ ಹೇಳಿಕೊಂಡಿದ್ದಳು.

ರಾತ್ರಿ ಶಿಫ್ಟಿನ ವಾರಗಳಲ್ಲಿ ನಾನು ಶಾಲೆಯಿಂದ ಬರುವ ಹೊತ್ತಿಗೆ ಮಾವ ಎದ್ದು ಮಂಚದ ಮೇಲೆ ಕೂತಿರುತ್ತಿದ್ದರು. ಕೈಯಲ್ಲಿ ಗಂಜಿಯ ಲೋಟ. ನಾನು ಅಕ್ಕಿ ಮೂಟೆಯ ಮೇಲೆ ಹತ್ತಿ ಕೂರುತ್ತಿದ್ದೆ. ಅವರು ದೂರದ ಹಿಮದ ಲೋಕಗಳ ಕಥೆ ಹೇಳುತ್ತಿದ್ದರು. ನೆಪ್ಚೂನಿನ ಆಚೆಗೆ ಇನ್ನೂ ಎಷ್ಟೋ ಇವೆ, ಅಲ್ಲಿ ಸೂರ್ಯನೆಂದರೆ ಒಂದು ಹೊಳೆಯುವ ಚುಕ್ಕಿ ಅಷ್ಟೆ, ಅಲ್ಲಿ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆ, ಸೆಡ್ನಾ ಎಂಬ ಒಂದು ಪುಟ್ಟ ಲೋಕಕ್ಕೆ ಸೂರ್ಯನನ್ನು ಒಮ್ಮೆ ಸುತ್ತಲು ಹನ್ನೊಂದು ಸಾವಿರ ವರ್ಷ ದಾಟುತ್ತದೆ. ಇಷ್ಟನ್ನು ಅವರು ಮದರಾಸಿನ ಏಪ್ರಿಲ್ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೇಳುತ್ತಿದ್ದರು. ಕೇಳುವಾಗ ನನಗೆ ನಿಜವಾಗಿಯೂ ಚಳಿಯಾಗುತ್ತಿತ್ತು.

ಒಂದು ದಿನ ಅಡುಗೆಮನೆಯಿಂದ ಒಂದು ಸಿಹಿಗುಂಬಳಕಾಯಿ ತಂದು ಮಂಚದ ಮೇಲಿಟ್ಟರು.

"ಇದು ಸೂರ್ಯ ಅಂತ ಇಟ್ಕೊ. ಗುರು ಒಂದು ಲಿಂಬೆಹಣ್ಣು. ನೆಪ್ಚೂನು ಒಂದು ಕಡಲೆಕಾಳು. ಭೂಮಿ ಸಾಸಿವೆಗಿಂತ ಒಂಚೂರು ದೊಡ್ಡದು. ಪ್ಲೂಟೊ ಎಂತ ಹೇಳು ನೋಡುವ."

"ಸಾಸಿವೆಗಿಂತ ಚಿಕ್ಕದು ಏನಿದೆ," ಎಂದೆ ನಾನು ತಮಿಳಿನಲ್ಲಿ.

"ರವೆ. ಒಂದು ರವೆಕಾಳು. ಇನ್ನು ಅದನ್ನು ಅದರ ಜಾಗದಲ್ಲಿ ಇಟ್ಟು ಬರ್ಲಿಕ್ಕುಂಟು. ಚಪ್ಪಲಿ ಹಾಕು."

ಕುಂಬಳಕಾಯಿ ಮನೆಯಲ್ಲಿ. ನಾವಿಬ್ಬರೂ ಒಂದೇ ಒಂದು ರವೆಕಾಳು ಹಿಡಿದುಕೊಂಡು ಬೀದಿಗೆ ಇಳಿದೆವು. ಒಂದೂಕಾಲು ಕಿಲೋಮೀಟರು ನಡೆಯಬೇಕು ಎಂದರು ಮಾವ. ಕಾಳು ನನ್ನ ಬೆರಳ ತುದಿಯ ಬೆವರಿಗೆ ಅಂಟಿಕೊಂಡಿತ್ತು. ಆಸ್ಪತ್ರೆಯ ಗೇಟು ದಾಟಿದೆವು, ಹೂ ಮಾರುವವರನ್ನು ದಾಟಿದೆವು, ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಎತ್ತಿ ಹಿಡಿದ ಬೆರಳು ನೋಡಿ ಗಾಯವಾಗಿದೆಯೆಂದು ತಿಳಿದು 'ಎಮರ್ಜೆನ್ಸಿ ಅಂದ ಪಕ್ಕಂ' ಎಂದು ದಾರಿ ತೋರಿಸಿದ. ಒಂದೂಕಾಲು ಕಿಲೋಮೀಟರು ಮುಗಿದಾಗ ನಾವು ಒಂದು ಬಸ್ ಸ್ಟಾಪಿನ ಎದುರು ಇದ್ದೆವು. ಮಾವ ಕಟ್ಟೆಯ ಮೇಲೆ ಬೆರಳು ಒರೆಸಲು ಹೇಳಿದರು. ಒರೆಸಿದೆ. ಕಾಳು ಕಾಣಲಿಲ್ಲ. 'ಕಾಣುದಿಲ್ಲ, ಉಂಟು,' ಎಂದರು. ನಮ್ಮ ಮನೆಯ ಕುಂಬಳಕಾಯಿಯ ಮಾತನ್ನು ಇಷ್ಟು ದೂರದಿಂದಲೂ ಅದು ಕೇಳುತ್ತದೆ, ತಪ್ಪಿಸಿಕೊಂಡು ಹೋಗುವುದಿಲ್ಲ ಎಂದೂ ಹೇಳಿದರು. ಆ ಸಂಜೆ ಕುಂಬಳಕಾಯಿ ಹುಳಿಯಾಯಿತು.

ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು ನಾನು ಹುಟ್ಟಿದ ಸುಮಾರಿಗೆ. ಅದಕ್ಕೆ ಕಾರಣಗಳನ್ನೂ ಮಾವನೇ ಹೇಳಿದ್ದು. ಗ್ರಹವೆನಿಸಿಕೊಳ್ಳಲು ಮೂರು ಷರತ್ತು. ಸೂರ್ಯನನ್ನು ಸುತ್ತಬೇಕು, ಪ್ಲೂಟೊ ಸುತ್ತುತ್ತದೆ. ತನ್ನ ಭಾರಕ್ಕೆ ತಾನೇ ಗುಂಡಗಾಗಿರಬೇಕು, ಆಗಿದೆ. ಮೂರನೆಯದು, ತನ್ನ ದಾರಿಯ ಆಸುಪಾಸಿನಲ್ಲಿ ಬೇರೆ ಯಾರೂ ಇಲ್ಲದಂತೆ ಗುಡಿಸಿ ಹಾಕಿರಬೇಕು. ಪ್ಲೂಟೊ ಗುಡಿಸಿಲ್ಲ. ಅದರ ಸುತ್ತ ಚಿಕ್ಕಪುಟ್ಟವು ಎಷ್ಟೋ ಓಡಾಡಿಕೊಂಡಿವೆ. ಜಗಳದ ದೇವತೆಯ ಹೆಸರಿಟ್ಟ ಈರಿಸ್ ಎಂಬ ಇನ್ನೊಂದು, ಹೆಚ್ಚುಕಡಿಮೆ ಪ್ಲೂಟೊದಷ್ಟೇ ದೊಡ್ಡದು, ಸಿಕ್ಕಿದ ಮೇಲೆ ಈ ತಕರಾರೆಲ್ಲ ಎದ್ದಿತು. ಹಾಗಾಗಿ ಅದು ಕುಬ್ಜ ಗ್ರಹ.

"ಯಾರನ್ನೂ ಗುಡಿಸದವ ಸಣ್ಣವ ಅಂತ ತೀರ್ಮಾನ ಮಾಡಿದ್ರು," ಎಂದು ಮಾವ ಅಕ್ಕಿ ಮೂಟೆಗೆ ಸ್ವಲ್ಪ ಜಾಗ ಬಿಟ್ಟು ಕಾಲು ಮಡಚಿಕೊಂಡರು. "ಇರ್ಲಿ. ಪ್ಲೂಟೊಗೆ ಎಂತ, ಅದು ಮೊದಲಿನ ಹಾಗೇ ತಿರುಗ್ತಾ ಉಂಟು."

ಈ ಸುದ್ದಿಯನ್ನು ಅಜ್ಜಿಗೆ ತಲುಪಿಸಿದ್ದು ನಾನು. ಶಾಲೆಯ ತಮಿಳು ಪುಸ್ತಕದಲ್ಲಿ ಕುಬ್ಜ ಗ್ರಹಕ್ಕೆ 'ಕುರುಂಗೋಳ್' ಎಂದಿತ್ತು. ಅಜ್ಜಿ ಬಾಳೆಕಾಯಿ ಹೆಚ್ಚುತ್ತಿದ್ದಳು. ನಾನು ಓಡಿಹೋಗಿ, ಪಾಟಿ, ಮಾವನ ಪ್ಲೂಟೊ ಈಗ ಕುರುಂಗೋಳ್ ಎಂದೆ. ಅಜ್ಜಿಯ ಕನ್ನಡದ ಕಿವಿಗೆ ಅದು ಎರಡು ಪದವಾಗಿ ಬಿತ್ತು: ಕುರು, ಗೋಳು.

"ಕುರು ಎದ್ದಿತಾ? ಎಲ್ಲಿ? ಅದಕ್ಕೇ ಅವ ನಿನ್ನೆಯಿಂದ ಒಂದು ಬದಿ ಮಗ್ಗುಲಾಗಿ ಮಲಗುದು. ಹೇಳ್ಬಾರ್ದಾ. ಗೋಳು ಎಂತಕ್ಕೆ ಪಡುದು ಸುಮ್ನೆ."

ಮಾವ ಬಟ್ಟೆ ಒಗೆದು ಬರುವಷ್ಟರಲ್ಲಿ ಅರಸಿನ ಅರೆದು, ವೀಳ್ಯದೆಲೆ ಬಿಸಿಮಾಡಿ ಅಜ್ಜಿ ಮಂಚದ ಹತ್ತಿರ ನಿಂತಿದ್ದಳು. ಕುರು ಯಾವ ಜಾಗದಲ್ಲಿ ಎಂದು ಕೇಳಲು ನಾಚಿಕೆಯಾಗಿ ಎಲೆಯನ್ನು ಅವರ ಕೈಗೆ ಕೊಟ್ಟು 'ನೀನೇ ಹಚ್ಚಿಕೊ' ಎಂದಳು. ಮಾವ ಅದನ್ನು ತೆಗೆದುಕೊಂಡು ಮೊಣಕೈಗೆ ಕಟ್ಟಿಕೊಂಡರು, ಅಜ್ಜಿಗೆ ಬೇಸರವಾಗಬಾರದೆಂದು. ವಿಷಯ ತಿಳಿದ ಮೇಲೂ ಅಜ್ಜಿ ಸೋಲಲಿಲ್ಲ. ನಮ್ಮ ನವಗ್ರಹದಲ್ಲಿ ಈ ಪ್ಲೂಟೊ ಯಾವತ್ತೂ ಇರಲಿಲ್ಲ, ಆದ್ದರಿಂದ ಒಂಬತ್ತು ಒಂಬತ್ತೇ ಎಂದು ತೀರ್ಪು ಕೊಟ್ಟಳು. ಆದರೆ ಅಂದಿನಿಂದ ಆ ಚಿತ್ರದ ಹೆಸರು ನಮ್ಮ ಮನೆಯಲ್ಲಿ ಕುರುಗೋಳು.

ಅಲ್ಲಿಯವರೆಗೆ ನಾವು ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಸಾಲಿಗೆ ಲೆಕ್ಕವಿಲ್ಲ. ಮಾವ ಬಂದರೆ ಎಲ್ಲರೂ ನಾಲ್ಕು ಬೆರಳು ಸರಿದರೆ ಮುಗಿಯಿತು. ಅಜ್ಜಿಯ ಮಂಡಿ ನೋವು ಜೋರಾಗಿ, ಡಾಕ್ಟರು ಇನ್ನು ನೆಲಕ್ಕೆ ಕೂರಬಾರದು ಎಂದ ಮೇಲೆ ದೊಡ್ಡಪ್ಪ ತಮ್ಮ ಹೋಟೆಲಿನವರು ಬದಲಾಯಿಸಿದ ಹಳೆಯ ಮೇಜೊಂದನ್ನು ವ್ಯಾನಿನಲ್ಲಿ ತಂದರು. ಅದರ ಜೊತೆ ಬಂದದ್ದು ಎಂಟು ಕುರ್ಚಿ. ಹಾಲ್‌ನಲ್ಲಿ ಮೇಜು ಹಿಡಿಯಿತು, ಎಂಟು ಕುರ್ಚಿ ಹಿಡಿದವು, ಒಂಬತ್ತನೆಯದಕ್ಕೆ ಜಾಗವೂ ಇರಲಿಲ್ಲ. ಅಮ್ಮ ಮೆಲ್ಲಗೆ 'ಬಾಬುವಿಗೆ?' ಎಂದಳು. ದೊಡ್ಡಪ್ಪ ಹಗ್ಗ ಬಿಚ್ಚುತ್ತಾ ಮೂಗಿನಲ್ಲಿ ಉತ್ತರ ಕೊಟ್ಟರು.

"ಅವ ಶಿಫ್ಟಿನವ ಮಾರಾಯ್ತಿ. ಅವ ಲೆಕ್ಕಕ್ಕಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೋಟೆಲಿನಲ್ಲಿ ಸರ್ವರುಗಳ ಪಟ್ಟಿ ಹಾಕುವ ಹಾಗೆ ಹೇಳಿದ್ದು. ಮಾವ ಆಗ ಮಣಲಿಯಲ್ಲಿದ್ದರು. ಬಂದ ಮೇಲೆ ಏನೂ ಕೇಳದೆ, ತಟ್ಟೆಯನ್ನು ಅಡುಗೆಮನೆಯ ಗ್ರೈಂಡರಿನ ಮುಚ್ಚಳದ ಮೇಲಿಟ್ಟು ನಿಂತೇ ಉಂಡರು. ಮರುದಿನವೂ ಹಾಗೆಯೇ. ಹತ್ತು ದಿನದಲ್ಲಿ ಅದೇ ರೂಢಿಯಾಯಿತು. ಆದರೆ ದೊಡ್ಡಪ್ಪನ ಮಾತು ನನ್ನ ಕಿವಿಯಲ್ಲಿ ಬಹಳ ಚೆನ್ನಾಗಿ ಮುದ್ರೆಯಾಗಿತ್ತು. 'ಲೆಕ್ಕಕ್ಕಿಲ್ಲ' ಎನ್ನುವಾಗ ಮೂಗು ಹೇಗೆ ಮೇಲೆ ಹೋಗಿ ಕೆಳಗೆ ಬರುತ್ತದೆ ಎಂದು ನಾನು ಬಚ್ಚಲಿನಲ್ಲಿ ಅಭ್ಯಾಸ ಮಾಡುತ್ತಿದ್ದೆ.

ನಮ್ಮ ಕಡೆಯ ಕನ್ನಡ ಸಂಘದವರು ವರ್ಷಕ್ಕೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಮಕ್ಕಳ ಏಕಪಾತ್ರಾಭಿನಯ ಇಡುತ್ತಿದ್ದರು. ಮಕ್ಕಳು ಐದು ನಿಮಿಷ ಕನ್ನಡದಲ್ಲಿ ಉಸಿರಾಡಿದರೂ ಬಹುಮಾನ ಸಿಗುತ್ತಿತ್ತು. ನಾನು ಸೌರವ್ಯೂಹ ಎಂದು ಹೆಸರು ಕೊಟ್ಟೆ. ಮನೆಯವರೆಲ್ಲ ಎರಡನೆಯ ಸಾಲಿನಲ್ಲಿ ಕೂತಿದ್ದರು. ಮಾವ ಶಿಫ್ಟು ಬದಲಿಸಿಕೊಂಡು ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಾನು ಶುರುಮಾಡಿದೆ. ಸೂರ್ಯ ನಮ್ಮ ಮನೆಯ ಕಾಫಿ ಫಿಲ್ಟರು, ಎಲ್ಲರೂ ಸುತ್ತುವುದು ಅದನ್ನೇ. ಬುಧ ನಾನು, ಎಲ್ಲರಿಗಿಂತ ಚಿಕ್ಕವ, ಸುಮ್ಮನೆ ಓಡುವವ. ಶುಕ್ರ ದೊಡ್ಡಮ್ಮ, ಎಲ್ಲರೂ ಒಂದು ಕಡೆ ತಿರುಗಿದರೆ ಅವರು ಇನ್ನೊಂದು ಕಡೆ. ಭೂಮಿ ಅಮ್ಮ, ಮನೆಯಲ್ಲಿ ನೀರು ಎಲ್ಲಿದೆ ಎಂದು ಗೊತ್ತಿರುವುದು ಅವಳೊಬ್ಬಳಿಗೆ. ಮಂಗಳ ಚಿಕ್ಕಕ್ಕ, ಮೊಡವೆಗೆ ಕೆಂಪು ಲೇಪ. ಗುರು ಅಜ್ಜಿ, ಮೊಮ್ಮಕ್ಕಳೆಲ್ಲ ಅವಳ ಚಂದ್ರರು. ಶನಿ ದೊಡ್ಡಕ್ಕ, ಕಿವಿಯಲ್ಲಿ ಬಳೆಯಷ್ಟು ದೊಡ್ಡ ರಿಂಗು. ಯುರೇನಸ್ ಅಪ್ಪ, ಏಕೆಂದರೆ ಅದೊಂದೇ ಮಗ್ಗುಲಾಗಿ ಮಲಗಿಕೊಂಡು ಸುತ್ತುವ ಗ್ರಹ, ಬೇಸಿಕಲಿ. ನೆಪ್ಚೂನು ದೊಡ್ಡಪ್ಪ, ಅಲ್ಲಿ ಬೀಸುವಷ್ಟು ಗಾಳಿ ಇನ್ನೆಲ್ಲೂ ಇಲ್ಲ. ಪ್ರತಿಯೊಬ್ಬರನ್ನೂ ಅವರವರ ಸ್ವರದಲ್ಲೇ ಮಾಡಿದೆ. ಸಭೆ ಉರುಳಾಡಿ ನಕ್ಕಿತು. ನಡುವೆ ಸಂಘದ ಕಾರ್ಯದರ್ಶಿಯವರ ಗಂಟಲು ಸರಿಮಾಡಿಕೊಳ್ಳುವುದನ್ನೂ ಸೇರಿಸಿದೆ. ಅವರೂ ನಕ್ಕರು, ಗಂಟಲು ಸರಿಮಾಡಿಕೊಂಡು.

ಕೊನೆಗೆ ಪ್ಲೂಟೊ. ನಾನು ನೆಪ್ಚೂನಿನ ಹತ್ತಿರ ಹೋಗಿ ಕೇಳುವವನ ಹಾಗೆ ನಟಿಸಿ, ದೊಡ್ಡಪ್ಪನ ಮೂಗಿನಿಂದ ಉತ್ತರ ಕೊಟ್ಟೆ.

"ಒಂಬತ್ತನೆಯವನಾ? ಅವ ಶಿಫ್ಟಿನವ ಮಾರಾಯ. ಅವ ಲೆಕ್ಕಕ್ಕಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಆಮೇಲೆ ಗ್ರೈಂಡರಿನ ಮುಂದೆ ನಿಂತು ಉಣ್ಣುವ ಹಾಗೆ ಮಾಡಿ, ಕೈಮುಗಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು, ಎರಡನೆಯ ಸಾಲೊಂದನ್ನು ಬಿಟ್ಟು. ಅಲ್ಲಿ ದೊಡ್ಡಪ್ಪ ತಮ್ಮ ಪಾದ ನೋಡುತ್ತಿದ್ದರು. ಹಿಂದಿನ ಗೋಡೆಯ ಹತ್ತಿರ ಮಾವ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ನನಗೆ ಮೊದಲ ಬಹುಮಾನವಾಗಿ ಒಂದು ಸ್ಟೀಲು ಡಬ್ಬಿ ಸಿಕ್ಕಿತು.

ಮರುದಿನ ಬೆಳಿಗ್ಗೆ ಮಾವ ಅಜ್ಜಿಯ ಹತ್ತಿರ, ಬಸ್ಸಿನಲ್ಲಿಯೇ ದಿನಕ್ಕೆ ಮೂರು ಗಂಟೆ ಹೋಗುತ್ತದೆ, ಕಾರ್ಖಾನೆಯ ಹತ್ತಿರ ಸ್ನೇಹಿತರೊಬ್ಬರ ಜೊತೆ ಕೋಣೆ ನೋಡಿದ್ದೇನೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಟ್ರಂಕು, ಒಂದು ಚೀಲ. ಗೋಡೆಯ ಚಿತ್ರವನ್ನು ತೆಗೆಯಲಿಲ್ಲ. ಅವರು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕರೆದರು.

"ನೀನು ಗ್ರಹ ಹೇಳಿದ್ದಲ್ಲ. ಕೋಳ್ ಹೇಳಿದ್ದು."

ತಮಿಳಿನಲ್ಲಿ ಗ್ರಹಕ್ಕೂ ಕೋಳ್, ಚಾಡಿಗೂ ಕೋಳ್. ದೊಡ್ಡಪ್ಪ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಶ್ಲೇಷೆ ಅದು, ಯಾರೂ ನಗಲಿಲ್ಲ. ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. 'ಅವನ ಗೋಳು ಹೊಯ್ದುಕೊಂಡೆಯಲ್ಲ ಮಾಣಿ' ಎಂದಷ್ಟೇ ಹೇಳಿ ಒಳಗೆ ಹೋದಳು. ಮೇಜಿನಲ್ಲಿ ಈಗ ಎಂಟು ಕುರ್ಚಿ, ಎಂಟು ಜನ. ಲೆಕ್ಕ ಸರಿಯಾಯಿತು, ಊಟ ಸರಿಹೋಗಲಿಲ್ಲ. ಅಮ್ಮ ದಿನಾ ಒಂದು ಹಿಡಿ ಅನ್ನ ಜಾಸ್ತಿ ಮಾಡಿ, ಮಿಕ್ಕಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನು ಶಾಲೆಯಿಂದ ಬಂದು ಅಕ್ಕಿ ಮೂಟೆಯ ಮೇಲೆ ಕೂತರೆ ಅದು ಬರೀ ಅಕ್ಕಿ ಮೂಟೆಯಾಗಿತ್ತು. ಒಮ್ಮೆ ಆ ಬಸ್ ಸ್ಟಾಪಿನವರೆಗೂ ಒಬ್ಬನೇ ನಡೆದುಹೋಗಿ ಕಟ್ಟೆಯ ಮೇಲೆ ಕಣ್ಣಿಟ್ಟು ಹುಡುಕಿದೆ. ಒಬ್ಬ ಮುದುಕರು ಏನು ಬಿದ್ದುಹೋಯಿತು ತಂಬಿ ಎಂದು ಕೇಳಿದರು. ರವೆ ಎನ್ನಲು ನಾಚಿಕೆಯಾಗಿ, ಪೆನ್ನಿನ ಮುಚ್ಚಳ ಎಂದೆ. ಅವರೂ ಪಾಪ, ಸ್ವಲ್ಪ ಹೊತ್ತು ಹುಡುಕಿದರು.

ಮೂರನೆಯ ವಾರ ದೊಡ್ಡಪ್ಪ ನನ್ನನ್ನು ಹಿತ್ತಲಿನ ಪಂಪಿನ ಹತ್ತಿರ ಕರೆದುಕೊಂಡು ಹೋದರು. ಪಂಪು ಹಾಕಿದರು, ಒಳಗಿನವರಿಗೆ ಕೇಳಿಸಬಾರದೆಂದು.

"ಭಾನುವಾರ ಮಣಲಿಗೆ ಹೋಗುವ. ನಂಗೆ ಇದೆಲ್ಲ ಹೇಳ್ಲಿಕ್ಕೆ ಬರುದಿಲ್ಲ. ನೀನೇ ಹೇಳು, ನನ್ನ ಸ್ವರದಲ್ಲಿ. ಬಾಬು, ಆ ಮಾತು ಆಡ್ಬಾರ್ದಿತ್ತು, ಬಾಯಿ ತಪ್ಪಿತು, ಬಂದುಬಿಡು. ಇಷ್ಟೇ. ಹೇಳು ನೋಡುವ."

ನಾನು ಹೇಳಿ ತೋರಿಸಿದೆ.

"ಛೆ, ನಾನು ಇಷ್ಟು ಮೂಗಿನಲ್ಲಿ ಮಾತಾಡುದಿಲ್ಲ," ಎಂದರು ಪೂರ್ತಿ ಮೂಗಿನಲ್ಲಿ. "ಇನ್ನೊಂದು ಸಲ."

ಮೂರು ದಿನ ಅಭ್ಯಾಸ ನಡೆಯಿತು. ತೊಟ್ಟಿ ತುಂಬಿ ಹರಿದು ಅಮ್ಮ ಒಳಗಿಂದ 'ಆಯ್ತು ಆಯ್ತು' ಎಂದು ಕೂಗುತ್ತಿದ್ದಳು. ಈಗ ನಾನು ಡಬ್ಬಿಂಗ್ ಸ್ಟುಡಿಯೊಗಳಲ್ಲಿ ಕನ್ನಡ ಸ್ವರ ಕೊಟ್ಟು ಬದುಕುವವನು. ಎಷ್ಟೋ ನಿರ್ದೇಶಕರನ್ನು ಕಂಡಿದ್ದೇನೆ. ಒಂದು ಕ್ಷಮೆಯ ಮೇಲೆ ಅಷ್ಟು ಶ್ರಮ ಹಾಕಿದ ನಿರ್ದೇಶಕರು ಇನ್ನೊಬ್ಬರು ಸಿಕ್ಕಿಲ್ಲ.

ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕಾದೆವು. ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ, ದೂರದಲ್ಲಿ ಚಿಮಣಿಯ ತುದಿಗೆ ಹಗಲಲ್ಲೂ ಉರಿಯುವ ಬೆಂಕಿ. ಬೆಳಗಿನ ಶಿಫ್ಟು ಬಿಟ್ಟಾಗ ಮಾವ ಖಾಕಿ ಸಮವಸ್ತ್ರದಲ್ಲಿ, ಊಟದ ಚೀಲ ಹಿಡಿದು ಹೊರಬಂದರು. ನಮ್ಮನ್ನು ನೋಡಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಗಾಬರಿಯಾದರು. ದೊಡ್ಡಪ್ಪ ಇಲ್ಲ ಎಂದು ತಲೆಯಾಡಿಸಿ ಬೆಂಚಿನಲ್ಲಿ ಜಾಗ ಮಾಡಿದರು. ಮೂರು ಟೀ ಬಂತು. ಟೀ ಮುಗಿಯುವವರೆಗೆ ಇಬ್ಬರೂ ಚಿಮಣಿ ನೋಡಿದರು. ಆಮೇಲೆ ದೊಡ್ಡಪ್ಪ ಮೊಣಕೈಯಿಂದ ನನ್ನನ್ನು ತಿವಿದರು.

ನಾನು ಎದ್ದು ನಿಂತು, ಕಲಿಸಿದ್ದನ್ನು ಕಲಿಸಿದ ಹಾಗೆಯೇ ಒಪ್ಪಿಸಿದೆ. ಮೂಗು, ತಡೆತ, 'ಬಂದುಬಿಡು' ಎನ್ನುವಲ್ಲಿ ಒಂದು ಸಣ್ಣ ನಡುಕ, ಎಲ್ಲ ಇತ್ತು. ಟೀ ಅಂಗಡಿಯವನು ಬಾಯಿ ತೆರೆದು ಒಮ್ಮೆ ನನ್ನನ್ನು, ಒಮ್ಮೆ ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಮಾವ ನಗಲಿಲ್ಲ.

"ದೊಡ್ಡಣ್ಣನ ಮೇಲೆ ನಂಗೆ ಎಂತದೂ ಇಲ್ಲ. ಶಿಫ್ಟಿನವರನ್ನು ಲೆಕ್ಕಕ್ಕೆ ಹಿಡಿಯುದು ಕಷ್ಟವೇ. ಆದರೆ ಮಾಣಿ, ನೀನು ಅವತ್ತು ಎಲ್ಲರ ಸ್ವರ ಮಾಡಿದೆ. ಆ ಸೆಕ್ರೆಟರಿದು ಸಹ ಬಿಡ್ಲಿಲ್ಲ. ನನ್ನ ಸರದಿ ಬರುವಾಗ ದೊಡ್ಡಣ್ಣನ ಸ್ವರದಲ್ಲಿ ನನ್ನ ಬಗ್ಗೆ ಹೇಳಿದೆ. ನನ್ನ ಸ್ವರ ಎಲ್ಲಿ? ಎರಡು ವರ್ಷ ಆ ಮಂಚದಲ್ಲಿ ಕೂತು ನಾನು ಮಾತಾಡಿದ್ದು ನಿನ್ನ ಕಿವಿಗೆ ಬೀಳ್ಲೇ ಇಲ್ವಾ?"

ನಾನು ಮಾವನ ಸ್ವರಕ್ಕಾಗಿ ಒಳಗೆ ಹುಡುಕಿದೆ. ಎಲ್ಲರದೂ ಇತ್ತು. ಅಜ್ಜಿಯದು, ಹಾಲಿನವನದು, ನಮ್ಮ ಬೀದಿಯ ನೀರಿನ ಲಾರಿಯ ಹಾರನ್ನಿನದು. ಮಾವನದು ಇರಲಿಲ್ಲ. ಇಲ್ಲ ಎಂದು ಗೊತ್ತಾದ ಕ್ಷಣದಲ್ಲಿ ಯಾಕೆ ಇಲ್ಲವೆಂಬುದೂ ಗೊತ್ತಾಯಿತು. ಅದನ್ನು ಹೇಳಲು ಯಾರ ಸ್ವರವೂ ಸಹಾಯಕ್ಕೆ ಬರುವಂತಿರಲಿಲ್ಲ. ತಮಿಳಿನಲ್ಲಿ ಹೇಳಬಹುದಿತ್ತು, ಆದರೆ ಮಾವ ಕಾಯುತ್ತಿದ್ದದ್ದು ಕನ್ನಡದಲ್ಲಿ.

"ಮಾವ," ಎಂದೆ. ನನ್ನ ಸ್ವಂತ ಸ್ವರ ಕನ್ನಡದಲ್ಲಿ ಹೀಗೆ ಕೇಳಿಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ, ಕಪ್ಪೆಯ ಹಾಗಿತ್ತು. "ಬೇರೆ ಎಲ್ಲರು ಮಾತಾಡ್ವಾಗ ನಂಗೆ ಬೋರ್ ಆಗ್ತದೆ. ಅಪ್ಪುರಂ... ಆಮೇಲೆ ಅವರ ಸ್ವರ ಕೇಳ್ತದೆ. ನೀವು ಮಾತಾಡ್ವಾಗ ಬೋರ್ ಆಗಿಲ್ಲ. ಸ್ವರ ಕೇಳ್ಲಿಲ್ಲ. ಪ್ಲೂಟೊ ಮಾತ್ರ ಕೇಳಿತು."

ಮಾವ ಖಾಲಿ ಲೋಟವನ್ನು ಎತ್ತಿ ಕುಡಿದರು.

"ಅಂದರೆ ನಾನು ಬೋರಾ?" ಎಂದರು ದೊಡ್ಡಪ್ಪ.

ಮಾವನಿಗೆ ನಗು ಬಂತು. ಎಂಥ ನಗು ಎಂದರೆ ಬೆಂಚು ಅಲುಗಾಡಿ ದೊಡ್ಡಪ್ಪನ ಲೋಟ ಉರುಳಿತು. ಆಮೇಲೆ ಅವರು 'ಬೇರೆ ಎಲ್ಲರು' ಅಲ್ಲ, 'ಬೇರೆಯವರೆಲ್ಲ' ಎಂದು ನನ್ನನ್ನು ತಿದ್ದಿದರು. ಇವತ್ತಿಗೂ ಸ್ಟುಡಿಯೊದ ಕಪ್ಪು ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಾಗ, ನನ್ನ ಹೊಟ್ಟೆಪಾಡಿನ ಭಾಷೆ ಶುರುವಾದದ್ದು ಆ ಕೊಳೆತ ಮೊಟ್ಟೆಯ ವಾಸನೆಯಲ್ಲಿ ಎಂದು ನೆನೆದು ನನಗೆ ಹಿತವಾಗುತ್ತದೆ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಭಾಷೆಯಲ್ಲ, ಮಾವ. ಅವರು ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಬಸ್ಸು ಬಂದಾಗ ನನ್ನನ್ನು ಕಿಟಕಿಯ ಬದಿಗೆ ಕೂರಿಸಿ, ದೊಡ್ಡಪ್ಪ ಕೂತ ಮೇಲೆ, ಕೆಳಗಿಳಿಯದೆ ತಾವೂ ಕೂತರು.

"ಮೂಲಕ್ಕಡೈವರೆಗೆ ಬರ್ತೇನೆ. ಅಲ್ಲಿ ಒಂದು ಸೋಪು ತೆಗೀಲಿಕ್ಕುಂಟು."

ಮೂಲಕ್ಕಡೈ ಬಂತು. ಅಲ್ಲಿಯ ಅಂಗಡಿಗಳನ್ನು ಕಿಟಕಿಯಿಂದ ನೋಡಿ, ಭಾನುವಾರ ಒಳ್ಳೆಯ ಸೋಪು ಸಿಗುವುದಿಲ್ಲ, ಪೆರಂಬೂರಿನಲ್ಲಿ ನೋಡುತ್ತೇನೆ ಎಂದರು. ದೊಡ್ಡಪ್ಪ ಕಣ್ಣು ಮುಚ್ಚಿ ನಿದ್ದೆಯವರಂತೆ ಕೂತಿದ್ದರು. ಮೂಗು ಮಾತ್ರ ಎಚ್ಚರವಾಗಿತ್ತು. ಪೆರಂಬೂರಿನಲ್ಲಿ ಮಾವ ಅಕ್ಕಿ ಮೂಟೆ ಹೊಸದು ತಂದಿರಾ ಎಂದು ಕೇಳಿದರು. ಉತ್ತರ ಮುಗಿಯುವಷ್ಟರಲ್ಲಿ ಬಸ್ಸು ಹೊರಟಿತು. ಓಟೇರಿಯಲ್ಲಿ ಎದ್ದು ನಿಂತರು. ನಾನು ಅವರ ಊಟದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಒಬ್ಬ ಮುದುಕಿಗೆ ಸೀಟು ಕೊಟ್ಟು ನನ್ನ ಪಕ್ಕದ ಕಂಬಿ ಹಿಡಿದುಕೊಂಡರು. ಪುರಸವಾಕ್ಕಂ ಹತ್ತಿರ ಕಂಡಕ್ಟರು ಬಂದು ಅವರ ಟಿಕೆಟು ನೋಡಿ ತಲೆ ಕೆರೆದುಕೊಂಡ.

"ಎನ್ನ ಸಾರ್, ಮೂಲಕ್ಕಡೈ ಟಿಕೆಟ್ ಎಡುತ್ತು ಊರು ಸುತ್ತಿ ಪಾಕ್ಕಿರೀಂಗಳಾ. ನೀಂಗ ಎಂಗದಾನ್ ಎರಂಗ್ವೀಂಗ?"

ಮೂಲಕ್ಕಡೈ ಟಿಕೆಟಿನಲ್ಲಿ ಊರು ಸುತ್ತುತ್ತಿದ್ದೀರಾ, ನೀವು ನಿಜವಾಗಿ ಇಳಿಯುವುದು ಎಲ್ಲಿ ಎಂದು ಅವನ ಪ್ರಶ್ನೆ. ಮಾವ ಸ್ವಲ್ಪ ಯೋಚಿಸಿದರು. ಆಮೇಲೆ ಕಂಬಿಯಿಂದ ಒಂದು ಕೈ ತೆಗೆದು ನನ್ನ ತಲೆಯ ಮೇಲಿಟ್ಟರು.

"ಇವನ್ ಎಂಗ ಎರಂಗರಾನೋ, ಅಂಗ."

ಇವನು ಎಲ್ಲಿ ಇಳಿಯುತ್ತಾನೋ ಅಲ್ಲಿ. ಕಂಡಕ್ಟರು ಇನ್ನೊಂದು ಟಿಕೆಟು ಹರಿದು ಕೊಟ್ಟು, ಎಲ್ಲಿ ತಂಬಿ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆದೆ, ಆದರೆ ಆ ಖುಷಿಯಲ್ಲಿ ನಮ್ಮ ಸ್ಟಾಪಿನ ಹೆಸರೇ ಹೊರಬರಲಿಲ್ಲ. ಮಾವ ನಾನೇ ಹೇಳಲೆಂದು ಕಾದರು, ದೊಡ್ಡಪ್ಪ ಅಷ್ಟರಲ್ಲಿ ನಿಜವಾಗಿಯೇ ನಿದ್ದೆಹೋಗಿದ್ದರು. ಹಾಗಾಗಿ ನಾವು ಮೂವರೂ ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಬಿಸಿಲಿನಲ್ಲಿ, ಯಾರ ತಪ್ಪು ಎಂದು ಜಗಳವಾಡುತ್ತಾ, ಮನೆಯ ಕಡೆಗೆ ಹಿಂದಕ್ಕೆ ನಡೆದೆವು.